ಹೇಳಿದಷ್ಟೇ ಮಾಡುವ ಹುಡುಗರು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಿಮ್ಮ ಘಟಕದಲ್ಲಿ ಹುಡುಗರು ಹೇಳಿದಷ್ಟೇ ಮಾಡುತ್ತಾರೆ, ತಾವಾಗಿ ಮುಂದೆ ಬರುವುದಿಲ್ಲ ಎಂದು ಬರೆದಿದ್ದೀರಿ ಸರ್. ಸೋಮಾರಿಗಳು ಎಂದು ಷರಾ ಬರೆಯುವ ಮೊದಲು ಒಂದು ವಿಷಯ ವಿಚಾರಿಸಿ: ಹಿಂದೆ ಯಾರಾದರೂ ಬೇರಿಂಗ್ ಸದ್ದು ಕೇಳಿ ಯಂತ್ರ ನಿಲ್ಲಿಸಿದಾಗ ಅವನಿಗೆ ಸಿಕ್ಕಿದ್ದೇನು? ‘ಯಾರನ್ನು ಕೇಳಿ ನಿಲ್ಲಿಸಿದೆ?’ ಎಂಬ ಗದರಿಕೆ ಒಮ್ಮೆ ಬಿದ್ದರೆ ಸಾಕು, ಇಡೀ ಪಾಳಿ ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಟೊಯೊಟಾದ ಪದ್ಧತಿಯಲ್ಲಿ ದೋಷ ಕಂಡ ಕೆಲಸಗಾರನೇ ಎಚ್ಚರಿಕೆ ಕೊಡುವ ಹಗ್ಗ ಎಳೆಯುತ್ತಾನೆ ಇಲ್ಲವೇ ಗುಂಡಿ ಒತ್ತುತ್ತಾನೆ, ತಂಡದ ಮುಖ್ಯಸ್ಥ ಅವನಿದ್ದಲ್ಲಿಗೆ ಬರುತ್ತಾನೆ. ತಕ್ಷಣ ಬಗೆಹರಿಯದಿದ್ದರೆ ಉತ್ಪಾದನಾ ಲೈನೇ ನಿಲ್ಲುತ್ತದೆ.

ಹಾಗೆಂದು ಲಗಾಮು ಪೂರ್ತಿ ಬಿಡಬೇಡಿ. ಸುರಕ್ಷತಾ ನಿಯಮಗಳಲ್ಲಿ ಸ್ವಂತ ಬುದ್ಧಿ ಬೇಡವೇ ಬೇಡ. ಉಪಕರಣಗಳ ಜೋಡಣೆ, ಪಾಳಿ ಹಂಚಿಕೆಯಂಥವನ್ನು ಅವರಿಗೇ ಒಪ್ಪಿಸಿ. ಎಡವಟ್ಟಾದರೆ ಎಲ್ಲರೆದುರು ಬೈಯದೆ ಪಕ್ಕಕ್ಕೆ ಕರೆದು ಮಾತನಾಡಿ. ಸಲಹೆ ಪೆಟ್ಟಿಗೆ ಮಾತ್ರ ಇಡಬೇಡಿ, ನಾನು ನೋಡಿದವೆಲ್ಲ ಧೂಳು ತಿನ್ನುತ್ತಿವೆ.