ನಿಮ್ಮೂರಿನ ಕಥೆ ನೀವೇ ಬರೆಯಿರಿ, ಮಾಸ್ತರರೇ

ಮಾಸ್ತರರೇ, ನಮಸ್ಕಾರ.

'ಬೀದರ್ ಕೋಟೆ, ಮಳಖೇಡ ಅಂತ ವರ್ಷವಿಡೀ ಬರೆಯುತ್ತೀರಿ. ಭೀಮಾ ದಂಡೆಯ ನಮ್ಮ ನೂರು ಮನೆಯ ಊರಿಗೆ ಏನು ಇತಿಹಾಸ ಇದೆ, ಶಾಲೆ ಮಕ್ಕಳಿಗೆ ಏನು ಹೇಳಲಿ?' ಎಂದು ಕೇಳಿದ್ದೀರಿ. ದೊಡ್ಡ ಊರುಗಳಿಗೆ ಜಾಸ್ತಿ ಪುಟ ಕೊಟ್ಟಿದ್ದೇವೆ, ಒಪ್ಪಿದೆ. ನಿಮ್ಮೂರಿಗೆ ಇತಿಹಾಸ ಇಲ್ಲ ಅನ್ನೋದನ್ನು ಮಾತ್ರ ಒಪ್ಪಲ್ಲ.

ನಿಮ್ಮದೇ ಹೊಳೆದಂಡೆಯ ಸನ್ನತಿ ನೋಡಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿ ಒಡೆಯಿತು. ಕಲ್ಲುಮಣ್ಣು ತೆಗೆದರೆ, ಅಷ್ಟು ದಿನ ಮೂರ್ತಿಯನ್ನು ಹೊತ್ತಿದ್ದ ಪೀಠದ ಮೇಲೆ ಬ್ರಾಹ್ಮಿ ಅಕ್ಷರ! ಅಶೋಕನ ಶಾಸನ ಅದು, ಎರಡು ಸಾವಿರದ ಇನ್ನೂರು ವರ್ಷ ಹಳೆಯದು. ಮೂರ್ತಿ ಕೂರಿಸಲು ಯಾರೋ ನಡುವೆ ಕಿಂಡಿ ಕೊರೆದಿದ್ದರು, ಅಲ್ಲಿದ್ದ ಅಕ್ಷರ ಹೋಗಿಯೇ ಬಿಟ್ಟಿವೆ. ಮುಂದೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಅದರ ಒಂದು ಕಲ್ಲಿನ ಮೇಲೆ ರಾಜ ಇದ್ದಾನೆ, ರಾಣಿ ಇದ್ದಾಳೆ, 'ರಾಯೋ ಅಸೋಕೋ' ಎಂಬ ಹೆಸರೂ ಇದೆ. ಅವೂ ಸಣ್ಣ ಊರುಗಳೇ ಅಲ್ವಾ?

ಎಲ್ಲ ಊರಲ್ಲೂ ಅಶೋಕ ಸಿಗಲ್ಲ, ಸಿಗಬೇಕಾಗಿಯೂ ಇಲ್ಲ. ಗುಡಿಯ ಹಿಂದೆ ಸುಮ್ನೆ ಬಿದ್ದ ಚಪ್ಪಡಿ ಇದ್ದರೆ ನೋಡಿ. ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಲಿಂಗ, ಆಕಳು-ಕರು ಕಂಡರೆ ಅದು ದಾನಶಾಸನ ಇರಬಹುದು. ಸುಣ್ಣ ಬಳಿಯಬೇಡಿ, ಉಜ್ಜಬೇಡಿ. ಬೆಳಗಿನ ಓರೆ ಬಿಸಿಲಲ್ಲಿ ಫೋಟೊ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತವೆ.

ಆದರೆ ಕಲ್ಲಿಗಿಂತ ಮೊದಲು ಹಿರಿಯರ ಹತ್ತಿರ ಹೋಗಿ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿದದ್ದನ್ನು ನೆನಪಿಟ್ಟುಕೊಂಡವರಿಗೆ ಈಗ ಎಂಬತ್ತು ದಾಟಿದೆ. ನಿಜಾಮರ ಪರ ನಿಂತಿದ್ದ ರಜಾಕಾರರ ಪಡೆಯ ಹಾವಳಿಗೆ ಹೆದರಿ ಯಾರು ಊರು ಬಿಟ್ಟರು, ಭಾರತದ ಸೇನೆ ಬಂದ 'ಪೊಲೀಸ್ ಕಾರ್ಯಾಚರಣೆ' ಆದಮೇಲೆ ಯಾರ ಮನೆಗೆ ಬೀಗ ಬಿತ್ತು, ಎರಡನ್ನೂ ಕೇಳಿ, ಎಲ್ಲ ಓಣಿಗೂ ಹೋಗಿ ಕೇಳಿ, ಒಂದೇ ಕಡೆಯವರ ಮಾತು ಬರೆದು ಮುಗಿಸಬೇಡಿ. 1972ರ ಬರದ ಬಗ್ಗೆ ಹೆಂಗಸರನ್ನು ಕೇಳಿ, ಒಲೆ ಹೇಗೆ ಹಚ್ಚಿದರು ಎಂದು ಅವರಿಗೇ ಗೊತ್ತು. ನಮ್ಮ ಆಯಿ ಹುಣಸೆ ಬೀಜ ಹುರಿದು ತಿಂದ ದಿನಗಳನ್ನು ಹೇಳುತ್ತಿದ್ದಳು. ಯಾವ ಮರದ್ದು, ಯಾರ ಹೊಲದ್ದು ಎಂದು ನಾನು ಕೇಳಲೇ ಇಲ್ಲ. ಈಗ ಕೇಳೋಣವೆಂದರೆ ಆಯಿ ಇಲ್ಲ.

ಹಾಗೇ ಹೊಲಗಳ ಹೆಸರು. ನಿಜಾಮರ ಕಾಲದ ಜಮೀನು ಕಾಗದ ಉರ್ದುವಿನಲ್ಲಿರುತ್ತವೆ, ಓದಿ ಹೇಳುವ ಮುದುಕರು ಪಕ್ಕದ ಓಣಿಯಲ್ಲೇ ಇರಬಹುದು. ಮಕ್ಕಳ ಕೈಗೆ ಒಂದೊಂದು ನೋಟ್‌ಬುಕ್ ಕೊಟ್ಟು, ತಮ್ಮ ಮನೆಯ ಹೊಲಕ್ಕೆ ಆ ಹೆಸರು ಏಕೆ ಬಂತು ಎಂದು ಕೇಳಿಕೊಂಡು ಬರಲು ಹೇಳಿ.

ಬಂದದ್ದನ್ನು ಕಳಿಸಿ. ಮಳಖೇಡಕ್ಕೆ ಕೊಟ್ಟಷ್ಟೇ ಪುಟ ಕೊಡುತ್ತೇನೆ.

– ಸಂಪಾದಕ