ಬೀಗದ ಮಾತು ಆಮೇಲೆ, ಮೊದಲು ಚೌಕಟ್ಟು

‘ಹೊಸ ಮನೆ ಮುಗಿಯುತ್ತಾ ಬಂದಿದೆ. ಮುಂಬಾಗಿಲಿಗೆ ಬೆರಳಚ್ಚಿನ ಬೀಗವೇ ಬೇಕೆಂದು ಮಗ ಹಟ ಹಿಡಿದಿದ್ದಾನೆ. ನನಗೆ ಕೀಲಿಕೈ ಬೀಗದ ಮೇಲೇ ನಂಬಿಕೆ. ಯಾವುದು ಭದ್ರ?’
– ಓದುಗರೊಬ್ಬರು

ಸಂಪಾದಕರ ಉತ್ತರ:

ನಿಮ್ಮ ಮಗನ ಮಾತಿನಲ್ಲಿ ಹುರುಳಿದೆ. ಕೀಲಿಕೈ ಕಳೆಯುವ ಚಿಂತೆಯಿಲ್ಲ, ಮನೆಯವರು ಹೊರಗೆ ಕಾಯಬೇಕಿಲ್ಲ. ಅಷ್ಟು ಒಪ್ಪೋಣ. ಆದರೆ ನನ್ನ ಮನಸ್ಸು ನಿಮ್ಮ ಕಡೆಗೇ. ಆ ಬೀಗಕ್ಕೆ ಬ್ಯಾಟರಿ ಬೇಕು. ಒದ್ದೆ ಬೆರಳನ್ನೋ, ದುಡಿದು ಸವೆದ ಬೆರಳನ್ನೋ ಅದು ಕೆಲವೊಮ್ಮೆ ಗುರುತಿಸುವುದೇ ಇಲ್ಲ. ಒಳ್ಳೆಯ ಲಿವರ್ ಬೀಗಕ್ಕೆ, ಅಂದರೆ ಒಳಗಿನ ಲೋಹದ ತಗಡುಗಳನ್ನು (ಲಿವರ್) ಕೀಲಿಯೇ ಎತ್ತಿ ತೆರೆಯುವ ಬೀಗಕ್ಕೆ, ಇಂಥ ತಾಪತ್ರಯವಿಲ್ಲ. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಕಂಡುಕೊಂಡ ಉಪಾಯ ಅದು. ಒಳಗಿನ ಪ್ರತಿ ಲಿವರೂ ಸರಿಯಾದ ಎತ್ತರಕ್ಕೇ ಏಳಬೇಕು. ಕಮ್ಮಿಯಾದರೂ ಜಾಸ್ತಿಯಾದರೂ ಬೋಲ್ಟ್, ಅಂದರೆ ಬೀಗದಿಂದ ಚೌಕಟ್ಟಿಗೆ ಚಾಚುವ ಲೋಹದ ತುಂಡು, ಕದಲುವುದಿಲ್ಲ. 5 ಲಿವರಿನದು ತೆಗೆದುಕೊಳ್ಳಿ.

ಗಟ್ಟಿ ಬೀಗವನ್ನು ಕೀಲಿಯಿಲ್ಲದೆ ತೆಗೆಯುವುದು ಸುಲಭವಲ್ಲ. ಲಂಡನ್ನಿನ ಬೀಗ ತಯಾರಕ ಜೋಸೆಫ್ ಬ್ರಾಮಾ ತನ್ನ ಬೀಗವನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಕೀಲಿಯಿಲ್ಲದೆ ತೆಗೆದವರಿಗೆ 200 ಗಿನಿ (ಇಂಗ್ಲೆಂಡಿನ ಹಳೆಯ ಚಿನ್ನದ ನಾಣ್ಯ) ಬಹುಮಾನ ಎಂದು ಸಾರಿದ್ದ. ದಶಕಗಳು ಕಳೆದರೂ ಯಾರ ಕೈಲೂ ಆಗಲಿಲ್ಲ. ಕೊನೆಗೆ 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ತೆಗೆದ. ಅದಕ್ಕೆ ಅವನಿಗೆ ಹಿಡಿದದ್ದು 50 ಗಂಟೆಗೂ ಜಾಸ್ತಿ! ಅಷ್ಟು ಪುರುಸೊತ್ತು ಯಾವ ಕಳ್ಳನಿಗಿದೆ ಹೇಳಿ. ಅವನು ಬಾಗಿಲಿಗೆ ಹೆಗಲು ಕೊಡುತ್ತಾನೆ, ಇಲ್ಲವೇ ಸಂದಿಗೆ ಹಾರೆ ತೂರಿಸುತ್ತಾನೆ.

ನಿಮ್ಮ ಮೇಲೆ ನನಗೊಂದು ಬೇಸರ ಇರುವುದೂ ಇಲ್ಲೇ. ಅಪ್ಪ ಮಗ ಇಬ್ಬರೂ ಬೀಗದ ಬಗ್ಗೆಯೇ ವಾದ ಮಾಡಿದ್ದೀರಿ. ಬಾಗಿಲಿನ ಬಗ್ಗೆ ಒಂದು ಮಾತೂ ಇಲ್ಲ, ಅಲ್ವಾ?

ಪರಿಚಿತರೊಬ್ಬರ ಮನೆಗೆ ಕಳ್ಳರು ನುಗ್ಗಿದ ಮರುದಿನ ಹೋಗಿದ್ದೆ. ಬೀಗ ಹೊಚ್ಚಹೊಸದು. ಬೋಲ್ಟ್ ಹೊರಗೆ ಚಾಚಿಕೊಂಡೇ ಇತ್ತು, ಮೇಲೆ ಒಂದು ಗೀರೂ ಇರಲಿಲ್ಲ. ಸೀಳಿದ್ದು ಚೌಕಟ್ಟು. ಬೋಲ್ಟ್ ಕೂರುವ ಲೋಹದ ಪಟ್ಟಿ ಕಿತ್ತು ನೆಲಕ್ಕೆ ಬಿದ್ದಿತ್ತು. ಅದರ ಸ್ಕ್ರೂಗಳು ನನ್ನ ಉಗುರಿನಷ್ಟೂ ಉದ್ದ ಇರಲಿಲ್ಲ! ಅಲ್ಲಿ 3 ಅಂಗುಲದ ಸ್ಕ್ರೂ ಚೌಕಟ್ಟು ದಾಟಿ ಹಿಂದಿನ ಗಟ್ಟಿ ಭಾಗಕ್ಕೆ ಇಳಿಯಬೇಕು. ಬೋಲ್ಟ್ ಕನಿಷ್ಠ 1 ಅಂಗುಲ ಚಾಚಬೇಕು, ಅದು ಪೂರ್ತಿ ಕೂರುವಷ್ಟು ತೂತು ಆಳವಿರಬೇಕು. ತನ್ನಷ್ಟಕ್ಕೆ ಬಿದ್ದುಕೊಳ್ಳುವ ಇಳಿಜಾರು ಮೂತಿಯ ಲ್ಯಾಚ್ ಒಂದನ್ನೇ ನಂಬಬೇಡಿ. ಸಂದಿ ಸಿಕ್ಕರೆ ಪ್ಲಾಸ್ಟಿಕ್ ಕಾರ್ಡಿನಿಂದಲೇ ಅದನ್ನು ಹಿಂದೆ ತಳ್ಳಬಹುದು. ಒಳಗಡೆಯಿಂದ ಮಾತ್ರ ಕೀಲಿಯಿಲ್ಲದೆ ತೆರೆಯುವ ಗುಬುಟು ಇರಲಿ. ಬೆಂಕಿ ಬಿದ್ದಾಗ ಹೊಗೆಯಲ್ಲಿ ಕೀಲಿ ಹುಡುಕುತ್ತಾ ನಿಲ್ಲೋಕಾಗಲ್ಲ.

ಇದೆಲ್ಲ ಬಡಗಿಯ ಕೈಕೆಲಸ. ಆದರೆ ಕಣ್ಣಿಗೆ ಕಾಣದ ಕೆಲಸಕ್ಕೆ ಕೂಲಿ ಕೊಡಲು ನಮಗೆ ಮನಸ್ಸೇ ಬರುವುದಿಲ್ಲ. ಮಿಂಚುವ ಹಿಡಿಕೆಗೆ ಕೇಳಿದಷ್ಟು ದುಡ್ಡು ಎಣಿಸುತ್ತೇವೆ. ಬಡಗಿ ಇನ್ನರ್ಧ ದಿನ ಬೇಕೆಂದರೆ ಗಡಿಯಾರ ನೋಡುತ್ತೇವೆ. ಗೋಡೆಯೊಳಗಿನ ವೈರು, ನೆಲದಡಿಯ ಪೈಪು, ಎಲ್ಲದರದ್ದೂ ಇದೇ ಪಾಡು. ಒಳ್ಳೆಯ ಕೆಲಸಗಾರನಿಗೂ ಬೇಗ ಮುಗಿಸಿ ಹೋಗುವುದನ್ನೇ ಕಲಿಸಿಬಿಟ್ಟಿದ್ದೇವೆ. ನಿಮ್ಮ ಬಡಗಿ ಇನ್ನೂ ಕೆಲಸದಲ್ಲಿದ್ದರೆ ಆ ಅರ್ಧ ದಿನವನ್ನು ಸುಮ್ನೆ ಕೊಟ್ಟುಬಿಡಿ.