ಗಡಿಗಿಂತ ಮೊದಲೇ ಬಂದ ಬೀದರ್ ರೈಲು

ಬೀದರ್ ನಿಲ್ದಾಣದಲ್ಲಿ ಇಳಿದರೆ ಕರ್ನಾಟಕದ ಊರಿಗೆ ಬಂದಂತೆ ಅನ್ನಿಸುವುದೇ ಇಲ್ಲ, ಪ್ಲಾಟ್‌ಫಾರಂ ಮೇಲೆ ಉರ್ದು, ಮರಾಠಿ, ತೆಲುಗು ಮಾತುಗಳೇ ಕಿವಿಗೆ ಬೀಳುತ್ತವೆ, ಇದೇಕೆ ಎಂದು ತಾವು ಕೇಳಿದ್ದೀರಿ. ದಕ್ಷಿಣದ ಜಿಲ್ಲೆಗಳಿಂದ ಬರುವ ಅನೇಕರ ಪ್ರಶ್ನೆ ಇದು. ನಮ್ಮ ಊರಿಗೆ ರೈಲು ಬಂದಾಗ ಇಂದಿನ ಗಡಿ ಇರಲೇ ಇಲ್ಲ ಎಂಬುದನ್ನು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ವಿಕಾರಾಬಾದಿನಿಂದ ಹೊರಟು ಜಹೀರಾಬಾದ್, ಬೀದರ್, ಭಾಲ್ಕಿ, ಉದಗೀರ ಹಾದು ಪರಳಿಯ ಕಡೆಗೆ ಸಾಗುವ ಈ ಮಾರ್ಗ ನಿಜಾಮರ ಕಾಲದ್ದು. ಆಗ ಜಹೀರಾಬಾದೂ ಉದಗೀರವೂ ಬೀದರ್ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು, ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂತು. ಜಿಲ್ಲೆ ಹೀಗೆ ಹಂಚಿಹೋದರೂ ಬೀಗತನ ಮತ್ತು ವ್ಯಾಪಾರದ ನಂಟು ಹಂಚಿಹೋಗಲಿಲ್ಲ. ಉದಗೀರಕ್ಕೆ ಮಗಳನ್ನು ಕೊಟ್ಟವರು, ಜಹೀರಾಬಾದಿನಿಂದ ಸೊಸೆಯನ್ನು ತಂದವರು ನಮ್ಮಲ್ಲಿ ಇಂದಿಗೂ ಇದ್ದಾರೆ, ಮತ್ತು ಅವರೆಲ್ಲರೂ ಸೇರುವ ಜಾಗ ಈ ನಿಲ್ದಾಣ.

ಪಾಸಿಂಜರ್ ಗಾಡಿಗೆ ಕಾಯುತ್ತ ಕುಳಿತ ಒಬ್ಬ ತಾಯಿಯನ್ನು ಗಮನಿಸಿ. ಕಟಿ ರೊಟ್ಟಿ, ಶೇಂಗಾ ಹಿಂಡಿಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಿರುತ್ತಾಳೆ. ಚಹಾದವನೊಡನೆ ದಖನಿಯಲ್ಲಿ, ಅಂದರೆ ಈ ಕಡೆಯ ಆಡುಮಾತಿನ ಉರ್ದುವಿನಲ್ಲಿ, ಚೌಕಾಸಿ ಮಾಡುತ್ತಾಳೆ, ಪಕ್ಕದಲ್ಲಿ ಕುಳಿತ ಲಾತೂರ ಕಡೆಯ ಹೆಂಗಸಿನೊಡನೆ ಮರಾಠಿಯಲ್ಲಿ ಸುಖದುಃಖ ಹೇಳಿಕೊಳ್ಳುತ್ತಾಳೆ, ಅನಂತರ ನಮ್ಮ ಕಡೆ ತಿರುಗಿ, “ಭಾಲ್ಕಿ ಗಾಡಿ ಯಾವಾಗ ಅದರಿ ಕಾಕಾ?” ಎಂದು ಕೇಳುತ್ತಾಳೆ. ಅವಳ ಮನೆಮಾತು ಕನ್ನಡ. ತಮ್ಮ ಕಿವಿಗೆ ಬಿದ್ದದ್ದು ಅವಳ ಮೊದಲ ಎರಡು ಮಾತುಗಳು ಮಾತ್ರ ಇರಬಹುದು. ದಖನಿಯನ್ನು ಹೊರಗಿನಿಂದ ಬಂದ ಹಿಂದಿಯೆಂದು ತಿಳಿಯುವುದೂ ಸರಿಯಲ್ಲ. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಕಾಲದಿಂದಲೂ ಅದು ಈ ಮಣ್ಣಿನ ಮಾತು. ಇಲ್ಲಿನ ಗುರುದ್ವಾರವಾದ ಗುರುನಾನಕ ಝೀರಾಕ್ಕೆ ಬರುವ ಸಿಖ್ ಯಾತ್ರಿಕರ ಪಂಜಾಬಿಯೂ ಇದರೊಳಗೆ ಬೆರೆಯುತ್ತದೆ.

ನನಗೆ ನಿಜವಾಗಿ ನೋವು ತರುವ ವಿಷಯ ಬೇರೆಯಿದೆ. ಈ ಹಳಿಗಳು ನಮ್ಮನ್ನು ಹೈದರಾಬಾದಿಗೆ ಮುಟ್ಟಿಸಿದಷ್ಟು ಸುಲಭವಾಗಿ ನಮ್ಮದೇ ನಾಡಿಗೆ ಬಹುಕಾಲ ಮುಟ್ಟಿಸಲಿಲ್ಲ. ವಿಭಾಗೀಯ ಕೇಂದ್ರ ಕಲಬುರಗಿಯಲ್ಲಿದೆ, ಗುಲಬರ್ಗಾ ವಿಶ್ವವಿದ್ಯಾಲಯ ಅಲ್ಲಿದೆ, 2008ರಿಂದ ಹೈಕೋರ್ಟ್ ಪೀಠವೂ ಅಲ್ಲಿಯೇ ಇದೆ; ಆದರೆ ಬೀದರಿನಿಂದ ರೈಲಿನಲ್ಲಿ ಅಲ್ಲಿಗೆ ಹೋಗಬೇಕಾದರೆ ವಿಕಾರಾಬಾದ್, ತಾಂಡೂರು, ವಾಡಿ ಎಂದು ನೆರೆರಾಜ್ಯವನ್ನು ಬಳಸಿ ಬರಬೇಕಿತ್ತು. (ಆ ತಾಂಡೂರು ಕೂಡ 1956ರವರೆಗೆ ಗುಲಬರ್ಗಾ ಜಿಲ್ಲೆಯ ತಾಲ್ಲೂಕಾಗಿತ್ತು.) ಹೀಗಾಗಿ ಕೋರ್ಟು ಕಚೇರಿಯ ಕೆಲಸವಿದ್ದವರು ಬಸ್ಸು ಹತ್ತಿದರು, ದವಾಖಾನೆಗೆ, ಓದಿಗೆ, ಕೂಲಿಗೆ ಹೊರಟವರು ಹೈದರಾಬಾದಿನ ರೈಲು ಹತ್ತಿದರು. ಮಕ್ಕಳು ಯಾವ ಊರನ್ನು ದೊಡ್ಡ ಊರೆಂದು ಕಲ್ಪಿಸಿಕೊಳ್ಳುತ್ತಾರೆ ಎಂಬುದನ್ನೂ ಇದೇ ನಿರ್ಧರಿಸಿತು.

ಹುಮನಾಬಾದ್ ಮೂಲಕ ಸಾಗುವ ಸುಮಾರು 110 ಕಿಲೋಮೀಟರಿನ ಬೀದರ್–ಕಲಬುರಗಿ ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಮೇಲೆ ಈ ಕೊರತೆ ನೀಗತೊಡಗಿತು. ಆದರೆ ಹಳಿ ಹಾಕಿದರೆ ಸಾಲದು. ಬೆಳಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆಗೆ ಮನೆ ಸೇರುವಂತೆ ಹೆಚ್ಚು ಗಾಡಿಗಳು ಓಡಿದಾಗಲೇ ಜನರ ರೂಢಿ ಬದಲಾಗುತ್ತದೆ. ರೈಲ್ವೆ ಆಡಳಿತದ ದೃಷ್ಟಿಯಿಂದ ಬೀದರ್ ನಿಲ್ದಾಣ ಸಿಕಂದರಾಬಾದ್ ವಿಭಾಗಕ್ಕೆ ಸೇರಿದರೆ, ಕಲಬುರಗಿ ನಿಲ್ದಾಣ ಸೊಲ್ಲಾಪುರ ವಿಭಾಗಕ್ಕೆ ಸೇರಿದೆ. ಎರಡೂ ವಿಭಾಗಗಳ ಕೇಂದ್ರಗಳು ಕರ್ನಾಟಕದ ಹೊರಗಿರುವುದರಿಂದ, ಈ ಎರಡು ಊರುಗಳ ನಡುವಿನ ಗಾಡಿಗಾಗಿ ಮನವಿ ಸಲ್ಲಿಸುವವರು ರಾಜ್ಯದ ಹೊರಗೇ ಹೋಗಬೇಕಾಗುತ್ತದೆ.

ಮುಂದಿನ ಸಲ ಬರುವಾಗ ತಾವು ಕಲಬುರಗಿಯವರೆಗೆ ಬಂದು, ಅಲ್ಲಿಂದ ಹಗಲಿನ ಗಾಡಿಯಲ್ಲಿ ಬೀದರಿಗೆ ಬರಬೇಕೆಂದು ಕೋರುತ್ತೇನೆ. ತೊಗರಿ ಬೆಳೆಯುವ ಕಪ್ಪು ನೆಲ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ, ಮರಗುತ್ತಿಯ ಸುರಂಗ ಇವೆಲ್ಲ ದಾರಿಯಲ್ಲಿ ಸಿಗುತ್ತವೆ. ಬೀದರ್ ಹತ್ತಿರವಾದಂತೆ ನೆಲ ಕೆಂಪಾಗುತ್ತದೆ. ಪಕ್ಕದ ಸೀಟಿನವರನ್ನು ಕನ್ನಡದಲ್ಲಿಯೇ ಮಾತನಾಡಿಸಿ, ಅವರು ಸಂತೋಷದಿಂದ ಕನ್ನಡದಲ್ಲಿಯೇ ಉತ್ತರಿಸುತ್ತಾರೆ.